ಅಲಸಂಡೆ ಕಚ್ಚುವ ಕಾಂತಿ

“ಕಚ್ಚು!” ಎಂದರು ಅಜ್ಜಿ.

ಕಾಂತಿ ಬಾಯಿ ತೆರೆಯಲಿಲ್ಲ. ಅಂಗಳದ ಬಿಸಿಲಿನಲ್ಲಿ ನಿಂತು, ಅಂಗೈಯಲ್ಲಿದ್ದ ಒಂದೇ ಒಂದು ಅಲಸಂಡೆ ಕಾಳನ್ನು ಹುಲಿಯ ಮೊಟ್ಟೆ ಸಿಕ್ಕಿತೇನೋ ಎಂಬಂತೆ ನೋಡುತ್ತಿದ್ದಳು.

“ಎಂತ ನೋಡುವುದು? ನಿನ್ನ ಹಲ್ಲಿಗೆ ಜ್ವರ ಬಂತಾ? ಬೇಗ ಕಚ್ಚು ಮಗಾ. ಮಾವ ಬೈಹುಲ್ಲು ಹಿಡ್ಕೊಂಡು ಕಾಯ್ತಾ ಇದ್ದಾನೆ.”

ಸೇಸಮ್ಮಜ್ಜಿಯ ಬಾಯಿಯಲ್ಲಿ ಹಲ್ಲು ಎಂಬುದೇ ಇರಲಿಲ್ಲ. ಒಂದು ಕಾಲದಲ್ಲಿ ಅವರು ಅಡಿಕೆ ಮಾತ್ರವಲ್ಲ, ಅಡಕತ್ತರಿಯನ್ನೂ ಜಗಿದು ಉಗುಳುತ್ತಿದ್ದರಂತೆ. ಈಗ ಮನೆಯ ಹಲ್ಲಿನ ಕೆಲಸವೆಲ್ಲ ಮೊಮ್ಮಗಳು ಕಾಂತಿಯದು. ಬೆಳೆದ ಕಾಳು ಚೆನ್ನಾಗಿ ಒಣಗಿದೆಯೇ ಎಂದು ತಿಳಿಯಲು ಕಚ್ಚಿ ನೋಡಬೇಕು. ‘ಕಟ್’ ಎಂದು ಎರಡು ಹೋಳಾದರೆ ಒಣಗಿದೆ. ಹಲ್ಲಿನ ಗುರುತು ಮೂಡಿಸಿಕೊಂಡು ಸುಮ್ಮನೆ ಕುಳಿತರೆ ಒಳಗೆ ಇನ್ನೂ ಹಸಿ ಇದೆ.

ಹತ್ತು ವರ್ಷದ ಕಾಂತಿ ಕಾಳು ಕಚ್ಚಿದರೆ ಆ ‘ಕಟ್’ ಫಲ್ಗುಣಿ ಹೊಳೆಯ ಆಚೆ ದಡಕ್ಕೂ ಕೇಳುತ್ತಿತ್ತು. ಒಮ್ಮೆ ವೇಣೂರು ಪೇಟೆಯಲ್ಲಿ ನಿಂತಿದ್ದ ಬೆಳ್ತಂಗಡಿ ಬಸ್ಸಿನ ಡ್ರೈವರ್ ಆ ಸದ್ದಿಗೆ ಬೆಚ್ಚಿ, ಟಯರ್ ಒಡೆಯಿತೆಂದು ಕೆಳಗಿಳಿದು ಎಲ್ಲ ಚಕ್ರಗಳನ್ನೂ ಮುಟ್ಟಿ ಮುಟ್ಟಿ ನೋಡಿದ್ದ. ವೇಣೂರಿನ ಗೊಮ್ಮಟ ಕೂಡ ಒಮ್ಮೆ ಈ ಕಡೆ ಕಣ್ಣು ಹಾಯಿಸಿದ ಎಂದು ನೋಡಿದವರು ಹೇಳುತ್ತಾರೆ. ನೋಡಿದವರು ಸುಳ್ಳು ಹೇಳುತ್ತಾರೆಯೇ?

ಆದರೆ ಇವತ್ತು ಆ ಹಲ್ಲಿಗೆ ರಜೆ.

ಬೆಳಿಗ್ಗೆ ಕಾಂತಿ ಮತ್ತು ದೊಡ್ಡಮ್ಮನ ಮಗ ಶೇಖರ ಹಟ್ಟಿಯ ಹಿಂದೆ ಕುಳಿತು, ಉಪ್ಪು ಮೆಣಸಿನ ಪುಡಿ ಹಚ್ಚಿ ಮಾವಿನ ಮಿಡಿ ತಿಂದಿದ್ದರು. ಎಷ್ಟು ತಿಂದರೆಂದರೆ, ಮರ ಒಂದು ಪಕ್ಕಕ್ಕೆ ಹಗುರವಾಗಿ ಇನ್ನೊಂದು ಪಕ್ಕಕ್ಕೆ ವಾಲಿತು. ಅದು ಅಜ್ಜಿ ಉಪ್ಪಿನಕಾಯಿಗೆಂದು ಇಟ್ಟ ಮರ. ‘ಮುಟ್ಟಿದರೆ ಜಾಗ್ರತೆ’ ಎಂದು ಅಜ್ಜಿ ಮನೆಮಂದಿಗಷ್ಟೇ ಅಲ್ಲ, ಅಳಿಲಿಗೂ ಹೇಳಿ ಇಟ್ಟಿದ್ದರು. ಹುಳಿಗೆ ಕಾಂತಿಯ ಹಲ್ಲು ಚಳಿತು ಹೋಗಿತ್ತು. ಗಾಳಿ ತಾಗಿದರೂ ಜುಂ ಎನ್ನುತ್ತಿತ್ತು. ಇನ್ನು ಕಾಳು ಕಚ್ಚುವುದು ಹೇಗೆ?

ಹಲ್ಲು ಚಳಿತಿದೆ ಎಂದರೆ ಮಿಡಿಯ ಸಂಗತಿ ಹೊರಬೀಳುತ್ತದೆ. ನಾಳೆ ಕಚ್ಚುತ್ತೇನೆ ಎನ್ನೋಣವೆಂದರೆ ಇವತ್ತೇ ಕಾಳನ್ನು ಬೈಹುಲ್ಲಿನಲ್ಲಿ ಸುತ್ತಿ ಮುಡಿ ಕಟ್ಟಬೇಕು. ಅದೂ ಎಂಥ ಮುಡಿ! ರಜೆ ಸಿಗುವ ದಿನ ಕಾಂತಿ ಕ್ಲಾಸಿನಲ್ಲಿ ಬೆಂಚಿನ ಮೇಲೆ ಹತ್ತಿ ಹೇಳಿಯಾಗಿತ್ತು: “ಆಗಸ್ಟ್ ಹದಿನೈದರ ಊಟಕ್ಕೆ ಅಲಸಂಡೆ ಗಸಿ! ಅಲಸಂಡೆ ನಮ್ಮ ಮನೆಯದ್ದು! ನಾನೇ ಕಚ್ಚಿ ಪಾಸು ಮಾಡುವುದು!”

ಕಾಂತಿ ಕಾಳನ್ನು ಬಾಯಿಗೆ ಹಾಕಿದಳು. ಮೆಲ್ಲಗೆ ಕೆನ್ನೆಯ ಮೂಲೆಗೆ ತಳ್ಳಿದಳು. ಆಮೇಲೆ ನಾಲಗೆಯನ್ನು ಅಂಗುಳಕ್ಕೆ ಅಂಟಿಸಿ ಎಳೆದಳು.

‘ಟಕ್!’

ಅಜ್ಜಿಯ ಕಿವಿಯೂ ಹಲ್ಲಿನ ಹಿಂದೆಯೇ ಹೊರಟು ಅರ್ಧ ದಾರಿಯಲ್ಲಿತ್ತು. ‘ಕಟ್’ಗೂ ‘ಟಕ್’ಗೂ ಅವರಿಗೆ ವ್ಯತ್ಯಾಸ ಸಿಗಲಿಲ್ಲ.

“ಒಣಗಿತು ಅಜ್ಜಿ! ಫಸ್ಟ್ ಕ್ಲಾಸ್!”

“ಕುಶಾಲಪ್ಪಾ, ಶುರು ಮಾಡು!”

ಕುಶಾಲಪ್ಪ ಮಾವ ಮುಡಿ ಕಟ್ಟಲು ಕುಳಿತರೆಂದರೆ ನೋಡಲು ಕಾಗೆಗಳೂ ಸಾಲಾಗಿ ಕೂರುತ್ತಿದ್ದವು. ಬೈಹುಲ್ಲನ್ನು ಸೂರ್ಯನ ಕಿರಣಗಳ ಹಾಗೆ ಸುತ್ತ ಹರಡಿ, ನಡುವೆ ಕಾಳು ಸುರಿದರು. ಹುಲ್ಲನ್ನು ಮೇಲಕ್ಕೆ ಮಡಚಿ, ಹುಲ್ಲಿನದೇ ಹಗ್ಗ ಹೊಸೆದು ಸುತ್ತಿದರು. ಸುತ್ತುತ್ತ ಸುತ್ತುತ್ತ ಕೊಡತಿಯಿಂದ ದಬ ದಬ ಬಡಿದು ಗುಂಡಗೆ ಮಾಡಿದರು. ಆ ಮುಡಿಯೊಳಗೆ ಇಲಿಯ ಹಲ್ಲು ಹೋಗದು, ಇರುವೆಯ ಕಾಲು ಹೋಗದು. ಉರುಳಿಸಿ ಬಿಟ್ಟರೆ ಮೂಡುಬಿದಿರೆಯವರೆಗೆ ಹೋಗಿ, ಅಲ್ಲಿ ಒಂದು ಚಾ ಕುಡಿದು ವಾಪಸು ಬಂದೀತು! ಮೂರು ತಾಲೂಕಿನಲ್ಲಿ ಅಂಥ ಕೈ ಇನ್ನೊಂದಿರಲಿಲ್ಲ.

ಹೊರಗಿನದು ಏನೂ ಒಳಗೆ ಹೋಗಲಿಲ್ಲ. ಒಳಗೆ ಸಿಕ್ಕಿಕೊಂಡದ್ದೂ ಹೊರಗೆ ಬರಲಿಲ್ಲ. ಮುಡಿ ಅಟ್ಟ ಹತ್ತಿತು. ಕಾಂತಿ ಕೆನ್ನೆಯೊಳಗಿದ್ದ ಕಾಳನ್ನು ಬಾವಿಕಟ್ಟೆಯ ಹಿಂದೆ ಉಗುಳಿ ಮರೆತುಬಿಟ್ಟಳು.

ಶಾಲೆ ತೆರೆಯಿತು. ಮಳೆ ಬಂತು. ಆ ವರ್ಷದ ಮಳೆ ಎಂದರೆ, ಮೀನುಗಳು ಹೊಳೆ ಯಾವುದು, ರಸ್ತೆ ಯಾವುದು ಎಂದು ತಿಳಿಯದೆ ಶಾಲೆಯ ಮೆಟ್ಟಿಲಿನ ಹತ್ತಿರ ನಿಂತು ದಾರಿ ಕೇಳುತ್ತಿದ್ದವು. ಆಗಸ್ಟ್ ಹದಿನಾಲ್ಕರ ಸಂಜೆ ಮಾವ ಮುಡಿಯನ್ನು ಅಟ್ಟದಿಂದ ಇಳಿಸಿ, ಬಾಯಿ ಬಿಚ್ಚಿ, ಮೇಲಿನ ಕಾಳನ್ನು ಒಂದು ಕುಕ್ಕೆಗೆ ಸುರಿದುಕೊಟ್ಟರು. ಶೇಖರ ಅದನ್ನು ಹೊತ್ತುಕೊಂಡು ಹೋಗಿ ಶಾಲೆಯಲ್ಲಿ ಅಡುಗೆ ಮಾಡುವ ಸುಂದರಿಯಕ್ಕನಿಗೆ ಕೊಟ್ಟು ಬಂದ. ಅವರು ದೊಡ್ಡ ಕಡಾಯಿಯಲ್ಲಿ ನೆನೆಹಾಕಿದರು.

ಬೆಳಿಗ್ಗೆ ಉಳಿದ ಕಾಳನ್ನೂ ಕಳಿಸೋಣವೆಂದು ಮಾವ ಮುಡಿಯೊಳಗೆ ಕೈ ಹಾಕಿದರು. ಕೈ ಅಲ್ಲೇ ನಿಂತಿತು.

“ಅಮ್ಮಾ, ಇದೆಂತದು?”

ಹೊರಗೆ ಬಂದದ್ದು ಕಾಳಲ್ಲ, ಕಾಳಿನ ಉಂಡೆ. ಒಂದಕ್ಕೊಂದು ಅಂಟಿಕೊಂಡು, ಮೇಲೆ ಬಿಳಿ ಕೂದಲು, ನಡುವೆ ಹಳದಿ ಹಸಿರು ಪುಡಿ. ಮಾವ ಕೈ ಕೊಡವಿದಾಗ ಹೊಗೆಯಂತೆ ಎದ್ದಿತು. ಆ ವಾಸನೆಗೆ ಮನೆಯ ಬೆಕ್ಕು ಮೂಗು ಮುಚ್ಚಿಕೊಂಡು ನೆರೆಮನೆಗೆ ವಲಸೆ ಹೋಯಿತು.

“ಬೂಷ್ಟು!” ಎಂದರು ಅಜ್ಜಿ. “ನಡುವೆ ಪೂರಾ ಬೂಷ್ಟು ಹಿಡಿದಿದೆ.”

ಕಾಂತಿಯ ಬಾಯಿಯಲ್ಲಿ ನಾಲಗೆ ತಾನಾಗಿಯೇ ಅಂಗುಳಕ್ಕೆ ಅಂಟಿಕೊಂಡಿತು.

ಶೇಖರ ಮಾತ್ರ ಹೆದರುವವನಲ್ಲ. “ಅದಕ್ಕೆಂತ! ತೊಳೆದರಾಯ್ತು. ಗಸಿಗೆ ಮಸಾಲೆ ಹಾಕಿದ ಮೇಲೆ ಬೂಷ್ಟು ಯಾವುದು, ತೆಂಗಿನಕಾಯಿ ಯಾವುದು ಅಂತ ಯಾರಿಗೆ ಗೊತ್ತಾಗ್ತದೆ? ಬೇಕಾದರೆ ಟೆಸ್ಟ್ ಮಾಡುವ.” ಅವನು ಎರಡು ಕಾಳು ತೆಗೆದು ಅಂಗಳಕ್ಕೆ ಎಸೆದ.

ಅಂಗಳದಲ್ಲಿ ಹವಾಲ್ದಾರ ಇದ್ದ. ಹವಾಲ್ದಾರ ಎಂದರೆ ಅಜ್ಜಿಯ ಹುಂಜ. ಕೆಂಪು ಟೊಪ್ಪಿ, ಎದೆ ಮುಂದೆ, ನಡಿಗೆಯಲ್ಲಿ ಪೊಲೀಸು ಗತ್ತು. ಅವನು ತಿನ್ನದ ವಸ್ತು ಲೋಕದಲ್ಲಿ ಇರಲಿಲ್ಲ. ಮಾವನ ಅಂಗಿಯ ಗುಂಡಿ, ಶೇಖರನ ಸ್ಲೇಟಿನ ಕಡ್ಡಿ, ಒಮ್ಮೆ ಪೋಸ್ಟ್‌ಮ್ಯಾನಿನ ಚಪ್ಪಲಿಯ ಅರ್ಧ. ಕಾಳನ್ನು ಗುಳುಂ ಎನಿಸಿ, ಗೋಡೆ ಹತ್ತಿ ‘ಕೊಕ್ಕೊಕ್ಕೋ’ ಎಂದು ಕೂಗಿದ.

“ನೋಡಿದ್ರಾ? ಹವಾಲ್ದಾರನೇ ಪಾಸು ಮಾಡಿದ!”

“ತೆಗಿ ಅಲ್ಲಿಂದ!” ಅಜ್ಜಿ ಎಷ್ಟು ಜೋರಾಗಿ ಗದರಿದರೆಂದರೆ ಮಾಡಿನಿಂದ ಎರಡು ಹಂಚು ಜಾರಿದವು. “ಕೋಳಿ ಕೂಗಿದ ಕೂಡಲೇ ಆಯ್ತಾ? ಮುಂಡಾಜೆಯಲ್ಲಿ ನನ್ನ ಅಪ್ಪನ ಮನೆಯ ಎಮ್ಮೆಗೆ ಒಂದು ಆಟಿ ತಿಂಗಳ ಮಳೆಯಲ್ಲಿ ಬೂಷ್ಟು ಹಿಡಿದ ಹುರುಳಿ ಹಾಕಿದ್ರು. ಬಿಸಾಡಬೇಕಲ್ಲ ಅಂತ ಹಾಕಿದ್ದು. ತಿಂದ ದಿವಸ ಅದಕ್ಕೆ ಏನೂ ಆಗ್ಲಿಲ್ಲ. ಆಮೇಲೆ ದಿವಸ ಹೋದ ಹಾಗೆ ಬತ್ತಿ ಬತ್ತಿ ಹೋಯ್ತು. ಆ ಎಮ್ಮೆಯ ಹಾಲು ಕುಡಿದು ಬೆಳೆದವಳು ನಾನು.”

ಹವಾಲ್ದಾರ ಎರಡನೇ ಸಲ ಕೂಗಬೇಕೆಂದು ಬಿಟ್ಟ ಬಾಯಿಯನ್ನು ಮುಚ್ಚಿಕೊಂಡ.

“ಅಜ್ಜೀ,” ಎಂದಳು ಕಾಂತಿ. “ನಿನ್ನೆ ಕಳಿಸಿದ್ದು?”

“ಅದೂ ಇದೇ ಮುಡಿಯದ್ದಲ್ವಾ!”

ಅಜ್ಜಿಯ ಮಾತು ಮುಗಿಯುವ ಮೊದಲೇ ಕಾಂತಿ ಗದ್ದೆಯ ಅಂಚಿನ ಕಟ್ಟಪುಣಿಯ ಮೇಲೆ ಓಡುತ್ತಿದ್ದಳು. ಹಿಂದೆ ಶೇಖರ, ಅವನ ಹಿಂದೆ ಮುಡಿ ಹೊತ್ತ ಮಾವ, ಅವರ ಹಿಂದೆ ತಾಳೆಗರಿಯ ಕೊಡೆ ಹಿಡಿದ ಅಜ್ಜಿ. ಕಾಂತಿ ಓಡಿದ ವೇಗಕ್ಕೆ ಮಳೆಯ ಹನಿಗಳು ಅವಳ ಮೈಮೇಲೆ ಬೀಳಲು ಹೋಗಿ ತಪ್ಪಿ ಶೇಖರನ ಮೇಲೆ ಬಿದ್ದವು. ಅವಳು ಒಣ ಲಂಗದಲ್ಲಿ ಶಾಲೆ ಮುಟ್ಟಿದಳು, ಅವನು ಇಬ್ಬರ ಪಾಲಿನಷ್ಟು ಒದ್ದೆಯಾಗಿ ಮುಟ್ಟಿದ.

ಶಾಲೆಯ ಹಿಂದೆ, ದಿನವೂ ಮಕ್ಕಳಿಗೆ ಹಾಲಿನ ಪುಡಿ ಕದಡುವ ಜಾಗದಲ್ಲಿ, ಒಲೆ ಉರಿಯುತ್ತಿತ್ತು. ಸುಂದರಿಯಕ್ಕ ನೆನೆದ ಕಾಳಿನ ಕಡಾಯಿಯನ್ನು ಒಲೆಯ ಮೇಲೆ ಎತ್ತಿ ಇಡುತ್ತಿದ್ದರು.

“ಸುಂದರಿಯಕ್ಕಾ, ಇಡಬೇಡಿ! ಬೇಯಿಸಬೇಡಿ!”

“ಎಂತ ಮಾರಾಯ್ತಿ ಬೊಬ್ಬೆ? ಕೈ ತಪ್ಪಿ ಹೋಗ್ತಿತ್ತಲ್ಲ!”

“ಅದರಲ್ಲಿ ಬೂಷ್ಟು ಉಂಟು!”

ಸುಂದರಿಯಕ್ಕ ಕಡಾಯಿಯನ್ನು ಕೆಳಗಿಟ್ಟು ಬಗ್ಗಿ ಮೂಸಿದರು. “ಏನೋ ಒಂದು ವಾಸನೆ ಉಂಟು ಅಂತ ನಿನ್ನೆಯೇ ಕಂಡಿತ್ತು. ಮಳೆಗಾಲದ ವಾಸನೆ ಅಂತ ಬಿಟ್ಟೆ.”

ಗಲಾಟೆಗೆ ಹೆಡ್ಮಾಸ್ಟರ್ ಬಂದರು, ಪ್ರೇಮಾವತಿ ಟೀಚರ್ ಬಂದರು, ಕಾಗದದ ಬಾವುಟ ಹಿಡಿದ ಇಡೀ ಶಾಲೆ ಬಂದಿತು. ಅಷ್ಟರಲ್ಲಿ ಮಾವನೂ ಮುಡಿ ತಂದು ಜಗಲಿಯಲ್ಲಿಟ್ಟರು. ಟೀಚರ್ ಒಂದು ಉಂಡೆಯನ್ನು ಕಾಗದದ ಮೇಲೆ ಹಿಡಿದು ತಿರುಗಿಸಿ ನೋಡಿದರು.

“ಚೆನ್ನಾಗಿ ಕುದಿಸಿದರೆ ಸಾಯುವುದಿಲ್ವಾ ಟೀಚರ್?” ಎಂದ ಶೇಖರ.

“ಬೂಷ್ಟು ಸಾಯ್ತದೆ. ಆದರೆ ಅದು ಕಾಳಿನ ಒಳಗೆ ವಿಷ ಬಿಟ್ಟಿರಬಹುದು. ಅದು ತೊಳೆದರೂ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ.”

“ಹವಾಲ್ದಾರ ತಿಂದು ಕೂಗಿದ ಟೀಚರ್!”

“ಇವತ್ತು ಕೂಗಿದ. ಈ ವಿಷಕ್ಕೆ ಅವಸರ ಇಲ್ಲ ಶೇಖರ. ಬೂಷ್ಟು ಹಿಡಿದ ನೆಲಗಡಲೆ ಹಿಂಡಿ ತಿಂದು ದೂರ ದೇಶದಲ್ಲಿ ಲೆಕ್ಕ ಇಲ್ಲದಷ್ಟು ಕೋಳಿಗಳು ಸತ್ತವು ಅಂತ ಪತ್ರಿಕೆಯಲ್ಲಿ ಓದಿದ್ದೇನೆ. ಮೇಲಿನ ಕಾಳು ಚಂದ ಕಾಣ್ತದೆ, ಹೌದು. ಆದರೆ ಯಾವುದರಲ್ಲಿ ವಿಷ ಉಂಟು, ಯಾವುದರಲ್ಲಿ ಇಲ್ಲ ಅಂತ ಕಣ್ಣಿಗೆ ಕಾಣುವುದಿಲ್ಲ. ಎಲ್ಲ ಹೊಂಡಕ್ಕೆ. ದನಕ್ಕೂ ಬೇಡ, ಕೋಳಿಗೂ ಬೇಡ.”

ಹಿಂದಿನ ಸಾಲಿನಲ್ಲಿ ಯಾರೋ ‘ಗಸಿ ಇಲ್ವಂತೆ’ ಎಂದರು. ಆ ಮಾತು ಇಡೀ ಶಾಲೆಯನ್ನು ಸುತ್ತಿ ಬರುವಾಗ ಕಾಗದದ ಬಾವುಟಗಳೆಲ್ಲ ಕೆಳಗೆ ಬಾಗಿದ್ದವು.

ಹೆಡ್ಮಾಸ್ಟರ್ ಮುಡಿಯನ್ನು ಬೆರಳಿನಿಂದ ಒತ್ತಿ ನೋಡಿದರು. “ಕುಶಾಲಪ್ಪ, ಮುಡಿ ಸಡಿಲ ಆಯ್ತೋ ಏನೋ. ಎಲ್ಲಿಂದಲೋ ನೀರು ಹೋಗಿದೆ.”

“ಮೂರು ತಾಲೂಕಿನ ಕೈ ಅಂತ ಹೇಳ್ತಾ ಇದ್ರು!” ಎಂದು ಯಾರೋ ನಕ್ಕರು.

ಮಾವ ಜಗಳ ಮಾಡುತ್ತಾರೆ ಎಂದು ಕಾಂತಿ ಕಾದಳು. ಮಾವ ಜಗಳ ಮಾಡಲಿಲ್ಲ. ಮುಡಿಯ ಸುತ್ತ ಒಮ್ಮೆ ಕೈಯಾಡಿಸಿದರು. ಹಗ್ಗದ ಒಂದು ಎಳೆಯೂ ಸರಿದಿರಲಿಲ್ಲ. ಆದರೂ ತಲೆ ತಗ್ಗಿಸಿ, “ಹೌದು ಮಾಷ್ಟ್ರೇ. ಕೈ ಮೊದಲಿನ ಹಾಗೆ ಇಲ್ಲವೋ ಏನೋ” ಎಂದರು.

ಆ ಕೈಗಳಲ್ಲಿ ಬೈಹುಲ್ಲು ಗೀರಿದ ಗೆರೆಗಳು ತುಂಬಿದ್ದವು. ಕಾಂತಿ ಅವನ್ನು ಇಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ.

“ಮುಡಿ ಸರಿ ಉಂಟು!” ಎಂದಳು. ಅದು ಕಿರುಚಾಟವೇ ಆಗಿತ್ತು. “ಮಾವನ ಮುಡಿಯೊಳಗೆ ಒಂದು ಹನಿ ನೀರು ಹೋಗಲಿಲ್ಲ. ಹಸಿ ಕಾಳನ್ನೇ ಕಟ್ಟಿದ್ದು. ಒಣಗಿತು ಅಂತ ಹೇಳಿದ್ದು ನಾನು.”

“ಕಚ್ಚಿ ನೋಡಿದೆ ಅಲ್ವಾ ನೀನು?” ಎಂದರು ಮಾವ.

“ಇಲ್ಲ. ಮಿಡಿ ತಿಂದು ಹಲ್ಲು ಚಳಿತಿತ್ತು. ಕಚ್ಚಲೇ ಇಲ್ಲ. ನಾಲಗೆಯಲ್ಲಿ ಸೌಂಡ್ ಮಾಡಿದ್ದು.”

ಮಳೆ ಕೂಡ ಒಂದು ಗಳಿಗೆ ನಿಂತು ಕಿವಿಗೊಟ್ಟಿತು.

ಅದೇ ಹೊತ್ತಿಗೆ ತಾಳೆಗರಿಯ ಕೊಡೆ ಮೆಟ್ಟಿಲು ಹತ್ತಿತು. ಕೊಡೆಯ ಕೆಳಗೆ ಅಜ್ಜಿ ಇದ್ದರು. ಬೇರೆಲ್ಲದಕ್ಕೂ ಮಂದವಾಗಿದ್ದ ಅವರ ಕಿವಿಗೆ ‘ಮಿಡಿ’ಯಿಂದ ಮುಂದಿನ ಮಾತು ಮಾತ್ರ ಸರಿಯಾಗಿ ಕೇಳಿತ್ತು.

“ಎಂತ? ಮಿಡಿಯಾ? ಉಪ್ಪಿನಕಾಯಿ ಭರಣಿ ಈ ವರ್ಷ ಯಾಕೆ ಅರ್ಧ ಅಂತ ಈಗ ಗೊತ್ತಾಯ್ತು! ನಾನು ಪಾಪದ ಅಳಿಲಿಗೆ ಬೈದದ್ದೇ ಬೈದದ್ದು!”

ಸುಂದರಿಯಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಶೇಖರ ಮೆಲ್ಲಗೆ ಕಂಬದ ಹಿಂದೆ ಜಾರಿದ.

“ಆ ಸೌಂಡ್ ಎಂತದ್ದು? ಮಾಡು ನೋಡುವ,” ಎಂದರು ಅಜ್ಜಿ.

ಕಾಂತಿ ಕಣ್ಣೊರೆಸಿಕೊಂಡು ಮಾಡಿದಳು. ‘ಟಕ್.’

ಅಜ್ಜಿಯೂ ನಾಲಗೆ ಅಂಟಿಸಿ ಎಳೆದರು. ‘ಟಕ್ಕ್!’ ಹಲ್ಲಿನ ಅಡ್ಡಿಯೇ ಇಲ್ಲದ ಬಾಯಿ. ಸದ್ದು ಕಾಂತಿಯದಕ್ಕಿಂತ ಹತ್ತುಪಾಲು ಜೋರು. ವೇಣೂರು ಪೇಟೆಯಲ್ಲಿ ಆ ಡ್ರೈವರ್ ಮತ್ತೆ ಬಸ್ಸಿನಿಂದ ಇಳಿದನಂತೆ.

“ಇದಕ್ಕೆ ಹಲ್ಲೇ ಬೇಡ ಮಾರಾಯ್ತಿ! ಇಷ್ಟು ವರ್ಷ ನಿನ್ನನ್ನು ಸುಮ್ಮನೆ ಕರೆದೆನಲ್ಲ!”

ಮೊದಲು ನಕ್ಕವರು ಮಾವ. ಆಮೇಲೆ ಹೆಡ್ಮಾಸ್ಟರ್. ಆಮೇಲೆ ಇಡೀ ಶಾಲೆ ಟಕ್ ಟಕ್ ಟಕ್ ಎನ್ನತೊಡಗಿತು. ನಗು ಇಳಿದಾಗ ಅಜ್ಜಿ ಕಾಂತಿಯ ತಲೆಯ ಮೇಲೆ ಕೈಯಿಟ್ಟು ಮೆಲ್ಲನೆ, “ನಾನೂ ಒಂದೇ ಕಾಳು ಕೊಟ್ಟೆ ಮಗಾ. ಅದೂ ರಾಶಿಯ ಮೇಲಿಂದ” ಎಂದರು.

“ಎಲ್ಲ ಸರಿ, ಊಟಕ್ಕೆಂತ ಮಾಡುವುದು?” ಎಂದು ಸುಂದರಿಯಕ್ಕ ಸೊಂಟಕ್ಕೆ ಕೈಯಿಟ್ಟರು. “ತೆಂಗಿನಕಾಯಿ ಕಡೆದಾಗಿದೆ. ಒಲೆ ಉರೀತಾ ಉಂಟು.”

ಆಗ ಕಾಂತಿಯ ಕ್ಲಾಸಿನ ರವೂಫ್ ಕೈ ಎತ್ತಿದ. “ಟೀಚರ್, ಹಲಸಿನ ಬೀಜ ಆಗ್ತದಾ? ನಮ್ಮ ಮನೆಯಲ್ಲಿ ಉಂಟು. ಎಲ್ಲರ ಮನೆಯಲ್ಲೂ ಉಂಟು.”

ಹೌದಲ್ಲ! ಆಟಿ ತಿಂಗಳಲ್ಲಿ ಹಲಸಿನ ಬೀಜ ಇಲ್ಲದ ಮನೆ ಯಾವುದು? “ಓಡಿ!” ಎಂದರು ಟೀಚರ್. ಮಕ್ಕಳು ಓಡಿದ ರಭಸಕ್ಕೆ ಬಾವುಟ ಹಾರಿಸುವ ಕೊಡಿಕಂಬ ಎರಡು ಸುತ್ತು ತಿರುಗಿತು. ಒಬ್ಬಳು ಕೊಡೆಯಲ್ಲಿ ತಂದಳು, ಒಬ್ಬ ಟೊಪ್ಪಿಯಲ್ಲಿ ತಂದ, ರವೂಫ್ ಒಂದು ದೊಡ್ಡ ಬುಟ್ಟಿಯನ್ನೇ ಹೊತ್ತು ತಂದ. ಕೆಡದಂತೆ ಕೆಮ್ಮಣ್ಣು ಮೆತ್ತಿಟ್ಟಿದ್ದ ಬೀಜಗಳ ರಾಶಿ ಜಗಲಿಯಲ್ಲಿ ಗುಡ್ಡವಾಯಿತು. ಘಟ್ಟದ ಮೇಲಿನವರು ನೋಡಿ, ರಾತ್ರೋರಾತ್ರಿ ಕೆಳಗೊಂದು ಹೊಸ ಬೆಟ್ಟ ಹುಟ್ಟಿತು ಎಂದುಕೊಂಡರು.

ಬೀಜದ ಸಿಪ್ಪೆ ಸುಲಿಯಬೇಕಲ್ಲ? ಕಾಂತಿ ಯಾರ ಹತ್ತಿರವೂ ಕೇಳಲಿಲ್ಲ. ರಾಶಿಯ ಬುಡದಲ್ಲಿ ಕುಳಿತು, ಮಣ್ಣು ಒರೆಸಿ, ಹಲ್ಲಿನಿಂದ ತುದಿ ಕಚ್ಚಿ, ಸಿಪ್ಪೆ ಎಳೆದು ಬಿಸಾಡತೊಡಗಿದಳು. ಕಟ್! ಕಟ್! ಕಟ್! ಇಡೀ ಶಾಲೆ ಸುತ್ತಲೂ ಕುಳಿತು ಜೊತೆ ಸೇರಿತು. ಸುಂದರಿಯಕ್ಕ ಅವನ್ನು ಮೂರು ನೀರಿನಲ್ಲಿ ತೊಳೆದು ಕಡಾಯಿಗೆ ಹಾಕಿದರು, ಆ ಕಡಾಯಿಯನ್ನೂ ಬೂದಿ ಹಾಕಿ ಉಜ್ಜಿದ ಮೇಲೆಯೇ.

ಅಲಸಂಡೆಯನ್ನು ಶಾಲೆಯ ಹಿಂದೆ ಹೊಂಡ ತೋಡಿ ಹೂಳಿದರು. ಮಣ್ಣು ಮುಚ್ಚಿದ್ದು ಕಾಂತಿ ಮತ್ತು ಶೇಖರ. ಮುಚ್ಚುವಾಗ ಶೇಖರ, “ಹವಾಲ್ದಾರನಿಗೆ ಎಂತ ಆಗ್ತದೆ?” ಎಂದು ಮೆಲ್ಲಗೆ ಕೇಳಿದ. ಆ ದಿನ ಅವನು ಮೆಲ್ಲಗೆ ಆಡಿದ ಮಾತು ಅದೊಂದೇ.

ಊಟದ ಬಗ್ಗೆ ಹೆಚ್ಚು ಹೇಳಿದರೆ ಓದುವವರಿಗೆ ಹಸಿವಾಗುತ್ತದೆ. ಆ ಗಸಿ ತಿಂದವರು ಎರಡು ದಿನ ಕೈ ತೊಳೆಯಲಿಲ್ಲ, ಮೂಸುತ್ತ ಕುಳಿತರು. ಆದರೆ ಹಲಸಿನ ಬೀಜದ ಸ್ವಭಾವ ನಿಮಗೆ ಗೊತ್ತಲ್ಲ? ಊಟದ ನಂತರ ಹೆಡ್ಮಾಸ್ಟರರ ಭಾಷಣವಿತ್ತು. “ನಮ್ಮ ದೇಶದ ಮಕ್ಕಳೇ…” ಎಂದರು. ಎಡಗಡೆಯಿಂದ ಒಂದು ತುತ್ತೂರಿ. “ಸ್ವಾತಂತ್ರ್ಯವೆಂದರೆ…” ಎಂದರು. ಬಲಗಡೆಯಿಂದ ಎರಡು. ಭಾಷಣ ನಡೆದಷ್ಟು ಹೊತ್ತೂ ಬ್ಯಾಂಡು ನಿಲ್ಲಲಿಲ್ಲ. ಕೊನೆಗೆ ಹೆಡ್ಮಾಸ್ಟರರೇ ಒಂದು ಸ್ವರ ಸೇರಿಸಿ, ಬೇಗ “ಜೈ ಹಿಂದ್” ಹೇಳಿ ಇಳಿದುಬಿಟ್ಟರು.

ಹವಾಲ್ದಾರನನ್ನು ಅಜ್ಜಿ ಬುಟ್ಟಿಯ ಕೆಳಗೆ ಹಾಕಿ ಒಳ್ಳೆಯ ಅಕ್ಕಿ ತಿನ್ನಿಸಿದರು. ದಿನವೂ ಬೆಳಿಗ್ಗೆ ಕಾಂತಿ ಬುಟ್ಟಿಗೆ ಕಿವಿಯಿಟ್ಟು ಕೂರುತ್ತಿದ್ದಳು. ಕೂಗಿದ ಮೇಲೆಯೇ ಶಾಲೆಗೆ ಹೊರಡುತ್ತಿದ್ದಳು. ತಿಂದದ್ದು ಎರಡೇ ಕಾಳು. ಹವಾಲ್ದಾರ ಬದುಕಿದ. ಬದುಕಿ ಮಾವನ ಮತ್ತೆರಡು ಗುಂಡಿ ತಿಂದ.

ಮತ್ತೆ ಬೇಸಿಗೆ ಬಂತು. ಅಂಗಳದಲ್ಲಿ ಹೊಸ ಅಲಸಂಡೆಯ ರಾಶಿ ಬಿದ್ದಿತ್ತು. ಮಾವ ಬೈಹುಲ್ಲು ಹರಡಿ, ಕೊಡತಿ ಪಕ್ಕಕ್ಕಿಟ್ಟು ಕುಳಿತಿದ್ದರು.

“ಕಚ್ಚು!” ಎಂದರು ಅಜ್ಜಿ.

ಕಾಂತಿಯ ಕೈಯಲ್ಲಿ ಉಪ್ಪು ಹಚ್ಚಿದ ಒಂದು ಮಿಡಿ ಇತ್ತು. ಈ ಸಲ ಅಜ್ಜಿಯೇ ಕೊಟ್ಟದ್ದು. ಇನ್ನೂ ತಿಂದಿರಲಿಲ್ಲ. ಅದನ್ನು ಜಗಲಿಯ ಮೇಲಿಟ್ಟಳು. ಅಜ್ಜಿ ಚಾಚಿದ ಕಾಳನ್ನು ತೆಗೆದುಕೊಳ್ಳದೆ, ಕಾಳಿನ ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ, ತೀರ ಅಡಿಯಿಂದ ಒಂದನ್ನು ತೆಗೆದಳು. ಹಲ್ಲಿನ ನಡುವೆ ಇಟ್ಟು ಕಚ್ಚಿದಳು.

ಸದ್ದು ಬರಲಿಲ್ಲ.

ಹೊರಗೆ ತೆಗೆದು ಬಿಸಿಲಿಗೆ ಹಿಡಿದಳು. ಕಾಳಿನ ಮೇಲೆ ಎರಡು ಹಲ್ಲಿನ ಗುರುತು ಚಂದವಾಗಿ ಮೂಡಿತ್ತು.

“ಟಕ್ ಅನ್ನು ಮಾರಾಯ್ತಿ,” ಎಂದು ಶೇಖರ ಕಿವಿಯಲ್ಲಿ ಪಿಸುಗುಟ್ಟಿ ನಕ್ಕ. “ಮಾವ ಕಾಯ್ತಾ ಇದ್ದಾರೆ.”

ಮಾವ ಕಾಯುತ್ತಲೇ ಇದ್ದರು. ಕಾಂತಿ ಅವರ ಕೈಗಳನ್ನು ನೋಡಿದಳು.

“ಇವತ್ತು ಆಗ್ಲಿಲ್ಲ ಮಾವ. ನಾಳೆ ಪುನಃ ಕಚ್ಚಿ ನೋಡ್ತೇನೆ.”

ಮಾವ ಹುಲ್ಲನ್ನು ಮತ್ತೆ ಕಟ್ಟಿಟ್ಟರು. ಕಾಂತಿ ಅಂಗಳದಲ್ಲೇ ಕುಳಿತು, ಅಡಿಯ ಕಾಳು ಮೇಲೆ ಬರುವಂತೆ ಎರಡೂ ಕೈಗಳಿಂದ ರಾಶಿಯನ್ನು ಮಗುಚತೊಡಗಿದಳು. ಜಗಲಿಯ ಮೇಲೆ ಮಿಡಿ ಹಾಗೆಯೇ ಕಾಯುತ್ತಿತ್ತು. ಅದರ ಹತ್ತಿರ ಹವಾಲ್ದಾರನೂ ಕಾಯುತ್ತಿದ್ದ.